ಮೇಣದೊಳಗಿದ್ದ ಅಮ್ಮ

ಮುದುಕನಿಗೆ ಮರೆವು ಅಂತ ನಗಬೇಡಿ. ನಿನ್ನೆ ಏನುಂಡಿರಿ ಅನ್ನುವುದೇ ನೆನಪಿಲ್ಲದ ನೀವು ನನಗೆ ಹೇಳ್ತೀರಾ? ಸುಮ್ಮನೆ ಈ ವಾಯ್ಸ್ ಮೆಸೇಜ್ ಕೇಳಿ.

ನಮ್ಮ ಸ್ಫಾಕ್ಸ್ ಊರಿನ ಬಶೀರ್, ಬಸ್ ಓಡಿಸಿ ನಿವೃತ್ತನಾದವನು, ತಂಗಿ ಮುಂಜಿಯಾಳನ್ನು ಆಸ್ಪತ್ರೆಗೆ ಸೇರಿಸಿದ್ದ. ಅವಳಿಗೆ ಅಂಡಾಶಯದ ಕ್ಯಾನ್ಸರ್. ನಮ್ಮಲ್ಲಿ ಆ ಹೆಸರನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. 'ಆ ಕೆಟ್ಟದ್ದು' ಎನ್ನುತ್ತೇವೆ. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದಾಗ ಬಶೀರ್ 'ಇಲ್ಲ' ಎಂದೇ ಬರೆಸಿದ್ದ.

ಡಾಕ್ಟರ್ ಸಲ್ವಾ ಜೀನ್ ಪರೀಕ್ಷೆಯ ವರದಿ, ಬಶೀರ್ ಬರೆಸಿದ್ದ ಮನೆಯವರ ವಿವರ, ಎರಡೂ ಕಾಗದ ಅವನ ಮುಂದಿಟ್ಟಳು. "ಹಾಜಿ, ಇವರ ಜೀನ್‌ನಲ್ಲಿ ಒಂದಕ್ಷರ ಬಿಟ್ಟುಹೋಗಿದೆ. ರೋಗಕ್ಕೆ ಅದೇ ಕಾರಣ ಅಂತ ಗೊತ್ತಾದ್ರೆ ಇವರಿಗೇ ಹೊಂದೋ ಮಾತ್ರೆ ಇದೆ. ಆದ್ರೆ ಮನೇಲಿ ಯಾರಿಗೂ ಇರ್ಲಿಲ್ಲ ಅಂತೀರಿ. ಈ ಕಾಗದಕ್ಕೂ ಆ ಕಾಗದಕ್ಕೂ ತಾಳೇನೇ ಆಗ್ತಿಲ್ಲ."

"ಅಮ್ಮ ಹೋಗಿದ್ದು ಹಾರ್ಟಿಂದ," ಎಂದಳು ಮುಂಜಿಯಾ. ಇಪ್ಪತ್ತೇಳು ವರ್ಷ ಅವಳು ನಂಬಿದ್ದು ಅದನ್ನೇ.

ಬಶೀರನಿಗೆ ಮಾತ್ರ ನಿಜ ಗೊತ್ತಿತ್ತು. ಹೇಳಿದರೆ ತಂಗಿ ಕುಸಿಯುತ್ತಾಳೆ, ಹೇಳದಿದ್ದರೆ ಮಾತ್ರೆ ಕೈತಪ್ಪುತ್ತದೆ.

"ಅಮ್ಮಂಗೆ ಕ್ಯಾನ್ಸರ್ ಆಗಿತ್ತು ಕಣೇ. ಚಿಕ್ಕಮ್ಮಂಗೂ."

ಮುಂಜಿಯಾ ಕಣ್ಣು ಒರೆಸಿಕೊಂಡಳು. "ಅಣ್ಣಾ, ನಿನ್ನ ಬಸ್ಸೂ ಇಷ್ಟು ಲೇಟಾಗ್ತಿರ್ಲಿಲ್ಲ!"

"ಅಮ್ಮಂಗೆ ಆಪರೇಷನ್ ಆಗಿತ್ತಾ? ಎಲ್ಲಿ ಮಾಡಿಸಿದ್ರಿ?" ಎಂದು ಡಾಕ್ಟರ್ ಕೇಳಿದಳು.

"ಇಲ್ಲೇ, ಹಳೇ ಕಟ್ಟಡದಲ್ಲಿ."

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹುಡುಕಿದರು. ಅಂದು ಕತ್ತರಿಸಿ ತೆಗೆದಿದ್ದ ಗೆಡ್ಡೆಯ ಚೂರು, ಕೆಡದಿರಲೆಂದು ಹುದುಗಿಸಿಟ್ಟ ಹೆಬ್ಬೆರಳಿನಷ್ಟು ಮೇಣದ ತುಂಡಿನೊಳಗೆ ಹಾಗೇ ಕೂತಿತ್ತು! ಮೂರು ವಾರದ ನಂತರ ಡಾಕ್ಟರ್ ಕಂಪ್ಯೂಟರಿನಲ್ಲಿ ಜೀನಿನ ಅಕ್ಷರಗಳ ಎರಡು ಸಾಲು ತೋರಿಸಿದಳು. ಮೇಲಿನದು ಅಮ್ಮನದು, ಕೆಳಗಿನದು ಮಗಳದು. ಅದೇ ಜಾಗ, ಬಿಟ್ಟುಹೋದದ್ದೂ ಅದೇ ಅಕ್ಷರ.

ಬಶೀರ್ ಪರದೆಯ ಹತ್ತಿರಕ್ಕೆ ಬಗ್ಗಿದ. ತಾನೇ ಮಣ್ಣು ಮಾಡಿ ಬಂದ ಅಮ್ಮ, ಮಗಳಿಗೆ ಯಾವ ಮದ್ದು ಕೊಡಬೇಕೆಂದು ಈಗ ಹೇಳುತ್ತಿದ್ದಾಳೆ! "ಸುಬಹಾನಲ್ಲಾ," ಎಂದು ಮೇಲಿನ ಸಾಲಿನ ಮೇಲೆ ಬೆರಳಾಡಿಸಿದ.

ಅಮ್ಮನ ಮೇಣ, ಚಿಕ್ಕಮ್ಮನ ಕಥೆ, ಮುಂಜಿಯಾಳ ವರದಿಗಳು, ಎಲ್ಲವನ್ನೂ ಒಟ್ಟಿಗಿಟ್ಟು ನಾಲ್ವರು ಡಾಕ್ಟರುಗಳು ಅವಳ ಮಾತ್ರೆಯನ್ನು ಗೊತ್ತುಮಾಡಿದರು.

"ಈ ಬಿಟ್ಟುಹೋದ ಅಕ್ಷರ ನಿಮ್ಮಿಂದ ಮಕ್ಕಳಿಗೂ ಹೋಗಿರ್ಬಹುದು. ನಿಮಗೂ ಹೆಣ್ಣುಮಕ್ಕಳಿದ್ದಾರಲ್ವಾ ಹಾಜಿ?" ಎಂದಳು ಸಲ್ವಾ. ಬಶೀರ್ ಅಲ್ಲೇ ನಿಂತು ಇಬ್ಬರು ಹೆಣ್ಣುಮಕ್ಕಳಿಗೂ ಫೋನು ಮಾಡಿ, ರೋಗದ ಹೆಸರು ಹೇಳಿ, ಪರೀಕ್ಷೆಗೆ ಬರಹೇಳಿದ.

ಇದನ್ನು ನೀವೊಬ್ಬರೇ ಕೇಳಿ ಫೋನಿನಿಂದ ಅಳಿಸಬೇಡಿ. ಅಕ್ಕತಂಗಿಯರಿಗೆ, ಹೆಣ್ಣುಮಕ್ಕಳಿಗೆ ಕಳಿಸಿ.