ತೂಗುವ ಹಳದಿ ಚೀಲ

"ಕೈ ತೆಗಿಯೇ ಮುಂಡೆ! ಗಾಯ ಒತ್ತಬೇಡ ಅಂತ ಎಷ್ಟು ಸಲ ಬೊಗಳ್ಬೇಕು ನಿಂಗೆ?"

ದೊಡ್ಡ ಡಾಕ್ಟರು ಸ್ಟೀಲು ತಟ್ಟೆಯ ಅಂಚಿನಿಂದ ಅವಳ ಬೆರಳ ಗೆಣ್ಣಿಗೆ ಬಾರಿಸಿದರು. ಅವಳು ಕೈ ಹಿಂದಕ್ಕೆಳೆದುಕೊಂಡಳು.

ಅವಳು ಆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಮೇಜಿನ ಮೇಲೆ ಚಾಚಿದ್ದ ಎಳೆಯ ತೋಳು ಅವಳ ಮಗಳದು. ಒಂದು ಕಡೆ ನಿಲ್ಲದ ಹುಡುಗಿಯಾದ್ದರಿಂದ ಎಲ್ಲರ ಬಾಯಲ್ಲೂ ಗುಬ್ಬಿ. ತೋಳಿನ ಮೇಲೆ ಬ್ಲೇಡಿನಿಂದ ಗೀರಿದ ಗಾಯ. ಒಸರುವ ರಕ್ತಕ್ಕೆ ಲ್ಯಾಬಿನವನು ಬ್ಲಾಟಿಂಗ್ ಕಾಗದ ಮುಟ್ಟಿಸುತ್ತಿದ್ದ. ಬೇರೆಯವರದಾದರೆ ಕಾಗದದ ಮೇಲಿನ ಕಲೆ ಸಣ್ಣದಾಗುತ್ತ ಹೋಗಿ ನಿಂತುಬಿಡುತ್ತದೆ. ಗುಬ್ಬಿಯ ಕಲೆ ಬೆಳಗಿನಿಂದ ಕಾಸಿನಗಲವೇ ಇತ್ತು.

ಈ ರಕ್ತ ನೋಡಲೆಂದೇ ಬಂದು ಸುತ್ತ ನಿಂತಿದ್ದ ಅತಿಥಿ ವೈದ್ಯರ ಕಡೆ ಡಾಕ್ಟರು ತಿರುಗಿದರು. "ಪ್ಲೇಟ್‌ಲೆಟ್ ಕಣಗಳಿಗೇನೂ ಬರ ಇಲ್ಲ. ಗಾಯದ ಹತ್ರ ಬರ್ತಾವೆ, ಒಂದರ ಕೈ ಒಂದು ಹಿಡ್ಕೊಳಲ್ಲ. ಹೆಪ್ಪುಗಟ್ಟೋದೆಲ್ಲಿಂದ? ಸೋಮಾರಿಗಳ ಮನೆ, ರಕ್ತಾನೂ ಸೋಮಾರಿ."

ಎಲ್ಲರೂ ನಕ್ಕರು. ಅತಿಥಿಗಳು ನಗುತ್ತಲೇ ಊಟಕ್ಕೆ ಹೊರಟರು. ಡಾಕ್ಟರೂ ಲ್ಯಾಬಿನವನೂ ಉಳಿದರು.

ತಾಯಿಯ ಕೆಲಸ, ಇರಲು ಕೊಟ್ಟ ಹಿತ್ತಲಿನ ಕೋಣೆ, ಎಲ್ಲ ಆ ರಕ್ತದ ಋಣ. ಡಾಕ್ಟರು ಬೇಕೆಂದಾಗಲೆಲ್ಲ ಗುಬ್ಬಿ ತೋಳು ಗೀರಿಸಿಕೊಳ್ಳಬೇಕು. ರಕ್ತ ಹರಿಯುವುದು ಮಿತಿಮೀರಿದಾಗ ಅವರು ಗುಬ್ಬಿಗೆ ಹಳದಿ ಚೀಲ ಏರಿಸಬೇಕು. ಅದು ಆಗಿದ್ದ ಮಾತು. ಚೀಲದಲ್ಲಿರುವುದು ಬೇರೆಯವರ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಕಣ. ಗಂಟುಕಟ್ಟದಿರಲೆಂದು ಪಕ್ಕದ ಕೋಣೆಯ ಯಂತ್ರವೊಂದು ಅದನ್ನು ಸದಾ ತೂಗುತ್ತಿರುತ್ತದೆ. "ನನ್ನ ತಮ್ಮ ತೊಟ್ಟಿಲಲ್ಲಿದ್ದಾನೆ ಕಣಮ್ಮಾ," ಎನ್ನುತ್ತಿದ್ದಳು ಗುಬ್ಬಿ. "ಅಳೋದೇ ಇಲ್ಲ. ಬಣ್ಣ ಮಾತ್ರ ಉಚ್ಚೆ ಥರ."

ಈಗ ಗುಬ್ಬಿಯ ಮೂಗಿನಿಂದಲೂ ಶುರುವಾಯಿತು. ತಾಯಿ ಸೆರಗು ಒತ್ತಿದಳು. ಸೆರಗು ತೊಯ್ದು ತೊಟ್ಟಿಕ್ಕಿತು. ಹುಡುಗಿ ಗಂಟಲಿಗಿಳಿದ ರಕ್ತವನ್ನು ಗುಟುಕು ಗುಟುಕಾಗಿ ನುಂಗುತ್ತಿದ್ದಳು, ತುಟಿ ಸುಣ್ಣದಂತೆ ಬಿಳಿಚಿತ್ತು.

"ಸಾಹೇಬ್ರೇ, ಚೀಲ ಹಾಕ್ಸಿ. ಮಗು ತಣ್ಣಗಾಗ್ತಾ ಇದೆ."

"ಊಟ ಆದ್ಮೇಲೆ ಅವ್ರಿಗೆ ಇನ್ನೊಂದು ಗೀರು ತೋರಿಸ್ಬೇಕು. ಈಗ ಬೇರೆಯವರ ಕಣ ಸೇರಿದ್ರೆ ರಕ್ತ ಕೆಟ್ಟೋಗುತ್ತೆ."

"ಕೆಟ್ಟೋಗ್ಲಿ ಬಿಡಿ, ನಿಮ್ಮ ದಮ್ಮಯ್ಯ." ಅವಳು ಕಾಲು ಹಿಡಿದಳು. "ದೇವ್ರು ನಿಮ್ಮ ಮಕ್ಕಳನ್ನ ಚೆನ್ನಾಗಿಟ್ಟಿರ್ಲಿ."

ಡಾಕ್ಟರು ಕಾಲು ಝಾಡಿಸಿದರು. ಬೂಟಿನ ತುದಿ ಅವಳ ದವಡೆಗೆ ತಾಗಿ ಬಾಯಿ ಉಪ್ಪಾಯಿತು. "ಇದು ಹೋದ್ರೆ ಇನ್ನೊಂದು ಹೆರ್ತೀಯ. ಇಂಥ ರಕ್ತ ನಂಗೆಲ್ಲಿ ಸಿಗುತ್ತೆ? ಲೇ, ಕಾವಲಿನವನನ್ನ ಕರಿ. ಇವಳನ್ನ ಹೊರಗೆ ಎಳೆಸು."

ಲ್ಯಾಬಿನವನು ಓಡಿದ.

ಅವಳು ಎದ್ದಳು. ಅಷ್ಟು ಹೊತ್ತು ಜೋಡಿಸಿಕೊಂಡಿದ್ದ ಕೈಗಳು ಬೇರೆಯಾದವು. ಒಂದು ಕೈ ಕಬ್ಬಿಣದ ಕದಕ್ಕೆ ಚಿಲಕ ಹಾಕಿತು. ಇನ್ನೊಂದು ಸ್ಟೀಲು ತಟ್ಟೆ ಎತ್ತಿಕೊಂಡಿತು.

ಮೊದಲ ಏಟಿಗೆ ಡಾಕ್ಟರ ಕನ್ನಡಕ ಹಾರಿತು. ಎರಡನೆಯದಕ್ಕೆ ಹಲ್ಲು. ನೆಲಕ್ಕುರುಳಿದವರ ಎದೆಯ ಮೇಲೆ ಅವಳು ಮೊಣಕಾಲೂರಿದಳು. ಒದ್ದೆ ಹೊದಿಕೆಗಳನ್ನು ಹಿಂಡಿ ಹಿಂಡಿ ಹುರಿಗಟ್ಟಿದ ತೋಳು ಅವಳದು. ಅವರ ಮಣಿಕಟ್ಟು ಅವಳ ಹಿಡಿತದಲ್ಲಿ ಮಿಸುಕಲಿಲ್ಲ. ಮೇಜಿನ ಮೇಲಿಂದ ಅದೇ ಬ್ಲೇಡು ತೆಗೆದು, ಅವರ ಕೋಟಿನ ತೋಳು ಮೇಲೆಳೆದು ಅದೇ ಜಾಗದಲ್ಲಿ, ಗುಬ್ಬಿಯ ಗಾಯದಷ್ಟೇ ಗೀರಿದಳು.

ಡಾಕ್ಟರು ಕಿರುಚಿಕೊಂಡು ಇನ್ನೊಂದು ಅಂಗೈಯಿಂದ ಗಾಯ ಅದುಮಿದರು.

"ಕೈ ತೆಗಿಯೋ ಬೋಳಿಮಗನೇ. ಒತ್ತಬಾರ್ದು."

ತಟ್ಟೆ ಮತ್ತೊಮ್ಮೆ ಇಳಿಯಿತು. ಅಂಗೈ ಸರಿಯಿತು.

ಹೊರಗಿನಿಂದ ಕದಕ್ಕೆ ಗುದ್ದು ಬೀಳತೊಡಗಿತು. "ಚೀಲ ತನ್ರೋ!" ಅವಳು ಕೂಗಿದಳು. "ನರ್ಸಮ್ಮನ ಕೈಲಿ ಹಳದಿ ಚೀಲ ಕೊಟ್ಟು ಕಳ್ಸಿ, ಚಿಲಕ ತೆಗೀತೀನಿ!"

"ಒಡೀರೋ ಬಾಗಿಲು!" ಡಾಕ್ಟರು ಚೀರಿದರು.

ಗುಬ್ಬಿ ಮೇಜಿನಿಂದ ಮೆಲ್ಲಗೆ ಇಳಿದು ಬಂದು ಪಕ್ಕದಲ್ಲಿ ಕೂತಳು. ಅವಳ ಕೈಯಲ್ಲಿ ಬ್ಲಾಟಿಂಗ್ ಕಾಗದವಿತ್ತು. ಯಾರೂ ಹೇಳಲಿಲ್ಲ, ಗೀರಿದ ಮೇಲೆ ಕಾಗದ ಮುಟ್ಟಿಸಬೇಕೆಂಬುದು ಅವಳಿಗೆ ರೂಢಿ. ಡಾಕ್ಟರ ಗಾಯಕ್ಕೆ ಮುಟ್ಟಿಸಿದಳು. ಕಾಸಿನಗಲ. ಕಾಗದ ತಿರುಗಿಸಿ ಮತ್ತೆ ಮುಟ್ಟಿಸಿದಳು. ಕಲೆ ಕಡಲೆಯಷ್ಟಾಯಿತು, ಆಮೇಲೆ ಸಾಸಿವೆಯಷ್ಟು. ಕದದ ಮೇಲಿನ ತಿರುಪುಗಳು ಒಂದೊಂದಾಗಿ ಸಡಿಲವಾಗುತ್ತಿದ್ದವು. ಗುಬ್ಬಿಯ ಮೂಗಿನಿಂದ ಡಾಕ್ಟರ ಬಿಳಿ ಕೋಟಿನ ಮೇಲೆ ಹನಿ ಬೀಳುತ್ತಲೇ ಇತ್ತು.

ಕೊನೆಯ ಸಲ ಮುಟ್ಟಿಸಿದಾಗ ಕಾಗದ ಬೆಳ್ಳಗೇ ಉಳಿಯಿತು. ಹುಡುಗಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಥದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ಅಮ್ಮಾ, ನೋಡೇ. ಸಾಹೇಬ್ರದು ನಿಂತೇ ಹೋಯ್ತು!"

ಹಾಗೆಂದು ತಾಯಿಯ ತೋಳಿಗೆ ತಲೆ ಒರಗಿಸಿದಳು. ತಾಯಿ ಬ್ಲೇಡು ಬಿಸಾಡಿ ಮಗಳ ಗಾಯವನ್ನು ಹೆಬ್ಬೆರಳಿನಿಂದ ಬಲವಾಗಿ ಅದುಮಿದಳು.

ಕದ ಒಳಕ್ಕೆ ಬಾಗಿತು. ಪಕ್ಕದ ಕೋಣೆಯಲ್ಲಿ ಯಂತ್ರ ಚೀಲವನ್ನು ತೂಗುತ್ತಲೇ ಇತ್ತು.