ಹೊಟ್ಟೆಯಿಲ್ಲದ ಹೂಗಳು

ಅಜ್ಜಿ ಹೊಲಿಗೆ ಯಂತ್ರ ಬಿಟ್ಟೆದ್ದು ಬಾಲ್ಕನಿಗೆ ಬಂದಾಗ, ಹಳೆಯ ಬಣ್ಣದ ಡಬ್ಬದಲ್ಲಿ ನೆಟ್ಟಿದ್ದ ಕುಂಬಳದ ಬಳ್ಳಿ ಯಾಕೋ ಬೋಳಾಗಿ ಕಂಡಿತು. ಪಕ್ಕದಲ್ಲಿ ನೂಲು ಕತ್ತರಿ ಹಿಡಿದ ಮೊಮ್ಮಗಳು, ದೊಡ್ಡ ಕೆಲಸ ಮುಗಿಸಿದವಳಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತರಕಾರಿ ಕಂಡರೆ ಮಾರು ದೂರ ಓಡುವ ಆ ಎಂಟು ವರ್ಷದ ಸಣಕಲಿಯನ್ನು ಮನೆಯಲ್ಲಿ ಕಡ್ಡಿ ಎಂದೇ ಕರೆಯುತ್ತಿದ್ದರು.

“ಏನೇ ಮಾಡ್ದೆ?”

“ದಂಡದ ಹೂವೆಲ್ಲ ಕತ್ತರಿಸಿಬಿಟ್ಟೆ ಅಜ್ಜಿ. ಹಿಂದೆ ಪುಟ್ಟ ಹೊಟ್ಟೆ ಇರೋದು ಮಾತ್ರ ಕಾಯಾಗುತ್ತೆ ಅಂತ ನೀನೇ ಹೇಳಿದ್ಯಲ್ಲ. ಉಳಿದವು ಸುಮ್ನೆ ತಿಂದ್ಕೊಂಡು ಕೂತಿದ್ವು.”

ಅಜ್ಜಿ ಬಗ್ಗಿ ಬಳ್ಳಿಯ ಎಲೆ ಸರಿಸಿ ನೋಡಿದಳು. ಹೇಳಿದ್ದು ನಿಜ; ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದ್ದಳು. ಹೊಟ್ಟೆಯಿಲ್ಲದ ಗಂಡುಹೂವಿನ ಹಳದಿ ಪುಡಿ ತಾಗದಿದ್ದರೆ ಹೊಟ್ಟೆಯ ಹೂವೂ ಉದುರುತ್ತದೆ ಎಂಬ ಉಳಿದರ್ಧ ಪಾಠ ಸೂಜಿಗಳ ಜೊತೆ ಬಾಯಲ್ಲೇ ಉಳಿದಿತ್ತು. ಸಾಲದ್ದಕ್ಕೆ, ಹೊಲಿದ ಬಟ್ಟೆಯ ಹೆಚ್ಚಿನ ನೂಲು ಕತ್ತರಿಸಿದರೇ ಅಂದ ಎಂದು ದಿನಾ ಕಲಿಸಿದವಳೂ ಅವಳೇ.

ನಾಲ್ಕನೇ ಮಹಡಿಗೆ ಜೇನುಹುಳ ಬರುತ್ತಿರಲಿಲ್ಲ. ಮೊದಲಿನ ಎರಡು ಹೀಚು ಕೊಳೆತು ಬಿದ್ದಿದ್ದವು. ಈಗ ಉಳಿದದ್ದು ಒಂದೇ ಹೆಣ್ಣುಮೊಗ್ಗು, ನಾಳೆ ಅರಳುವಂಥದ್ದು. ‘ಇದು ಕಾಯಾದ್ರೆ ಸಿಪ್ಪೆ ಸಮೇತ ತಿಂತೀನಿ’ ಎಂದು ಕಡ್ಡಿ ಮಾತು ಕೊಟ್ಟಿದ್ದಳು.

ಅಜ್ಜಿ ನೆಲದ ಮೇಲೆ ಕೂತು ಉಳಿದರ್ಧವನ್ನೂ ಹೇಳಿದಳು. ಹುಡುಗಿಯ ಮುಖ ಬಾಡಿತು.

“ಹಾಗಾದ್ರೆ ನಾನೇ ಹಾಳು ಮಾಡ್ದೆ.”

“ನೀನಲ್ಲ ಕಣೇ. ಅರ್ಧ ಹೇಳಿದವಳು ನಾನು.”

“ಇನ್ನು ನಾನು ಗಿಡ ಮುಟ್ಟಲ್ಲ,” ಎಂದು ಕಡ್ಡಿ ಕತ್ತರಿಯನ್ನು ಅಜ್ಜಿಯ ಮಡಿಲಲ್ಲಿಟ್ಟಳು.

“ಕತ್ತರಿಸಿದ್ದೆಲ್ಲ ಎಲ್ಲಿ?”

“ಕಸದ ಬುಟ್ಟೀಲಿ.”

ಬುಟ್ಟಿ ಖಾಲಿಯಿತ್ತು. ಬಸ್ಸಿನ ಚಾಲಕನಾದ ಮಗ ಆಗಷ್ಟೇ ಕಸ ಹಾಕಿ ಬಂದು ಕೈ ತೊಳೆಯುತ್ತಿದ್ದ. ತಾಯಿಯ ಮುಖ ನೋಡಿ ಅವನೇ ಹೇಳಿದ: “ಹೂವಾ? ಅಡುಗೆಮನೆ ಕಿಟಕೀಲಿ ಇಟ್ಟಿದೀನಮ್ಮ. ಮಗು ಅಷ್ಟು ಕಷ್ಟಪಟ್ಟು ಬಿಡಿಸಿತ್ತು, ಎಸೆಯೋಕೆ ಮನಸ್ಸು ಬರಲಿಲ್ಲ.”

ಗಾಜಿನ ಲೋಟದ ನೀರಿನಲ್ಲಿ ಅರಳಿದ ಹೂಗಳೆಲ್ಲ ಮುದುಡಿದ್ದವು. ನಡುವೆ ಮೂರು ಮೊಗ್ಗು ಇನ್ನೂ ಬಿಗಿಯಾಗಿದ್ದವು.

“ನಾಳೆ ಅರಳಬಹುದು,” ಎಂದಳು ಅಜ್ಜಿ. ಈ ಸಲ ಪೂರ್ತಿ ಹೇಳಬೇಕಲ್ಲ ಎಂದು ಸೇರಿಸಿದಳು, “ಅರಳದೇನೂ ಇರಬಹುದು.”

ಬೆಳಿಗ್ಗೆ ಅಜ್ಜಿಯನ್ನು ಅಲ್ಲಾಡಿಸಿ ಎಬ್ಬಿಸಿದ್ದು ಕಡ್ಡಿಯೇ. ಲೋಟದಲ್ಲಿ ಒಂದು ಹೂ ಬಾಯ್ಬಿಟ್ಟಿತ್ತು. ಬಳ್ಳಿಯ ಮೇಲಿನದೂ ಅರಳಿತ್ತು.

“ತಗೋ, ಇದರ ಪುಡಿ ಅದಕ್ಕೆ ಮೆಲ್ಲಗೆ ಸವರು.”

“ನನ್ನ ಕೈ ಬೇಡ. ನೀನೇ ಮಾಡು.”

“ನನಗೆ ಕಣ್ಣು ಕಾಣುತ್ತೇನೇ? ಸೂಜಿಗೆ ನೂಲು ಪೋಣಿಸಿಕೊಡೋಳು ಯಾರು?”

ಅಷ್ಟು ಕಾಣದ ಕಣ್ಣೇನಲ್ಲ ಅದು. ಬಾಗಿಲಲ್ಲಿ ನಿಂತ ಮಗ ನಕ್ಕ. ಕಡ್ಡಿ ಉಸಿರು ಬಿಗಿಹಿಡಿದು, ಗಂಡುಹೂವಿನ ಎಸಳು ಬಿಡಿಸಿ, ಪುಡಿ ಸವರಿದಳು.

ವಾರ ಕಳೆಯಿತು. ಹೀಚು ಉದುರಲಿಲ್ಲ. ಅಜ್ಜಿಯ ಅಳತೆ ಟೇಪು ಹಿಡಿದು ಬಾಲ್ಕನಿಗೆ ಹೋದ ಕಡ್ಡಿ ಅಲ್ಲಿಂದಲೇ ಕೂಗಿದಳು: “ಹೊಟ್ಟೆ ಎರಡು ಇಂಚು ದಪ್ಪ ಆಗಿದೆ! ಅಜ್ಜಿ, ಇಲ್ಲೊಂದು ಎಲೆ ಹಳದಿ ಆಗಿದೆ, ಕತ್ತರಿಸ್ಲಾ?”

“ಹ್ಞೂಂ,” ಎಂದಳು ಅಜ್ಜಿ ಯಂತ್ರದ ಮುಂದಿನಿಂದ.

ಕಡ್ಡಿ ಒಳಗೆ ಬಂದು ಅವಳ ಮುಖ ದಿಟ್ಟಿಸಿದಳು. “ಪೂರ್ತಿ ಹೇಳಿದ್ಯಾ, ಅರ್ಧ ಇನ್ನೂ ಬಾಯಲ್ಲೇ ಇದ್ಯಾ?”

ಅಜ್ಜಿ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಎಲೆ ನೋಡಲು ಎದ್ದಳು.