ಗಂಡಸರ ಕಪಾಟಿನಲ್ಲಿ ಅಕ್ಕ

ಶವಾಗಾರದ ಹಿಂದಿನ ಕೋಣೆಯಲ್ಲಿ ಹಲ್ಲು ಅಳೆಯುವವನು ಅದೇ ಕೋರೆಹಲ್ಲಿಗೆ ಮೂರನೇ ಸಲ ಕ್ಯಾಲಿಪರ್ ಹಿಡಿದ. ಏಳು ಪಾಯಿಂಟ್ ಒಂಬತ್ತು ಮಿಲಿಮೀಟರ್. ಬಣ್ಣದ ಕಾರ್ಖಾನೆಯ ಬೆಂಕಿ ಉಳಿಸಿದ್ದು ಈ ದವಡೆಯೊಂದನ್ನೇ. ಗೋಡೆಯ ಪಟ್ಟಿಯ ಪ್ರಕಾರ ಏಳೂವರೆ ದಾಟಿದರೆ ಗಂಡಸು. ದವಡೆಯಿದ್ದ ಡಬ್ಬಿ ಗಂಡಸರ ಕಪಾಟಿಗೆ ಹೋಯಿತು.

ನಾಲ್ಕು ದಿನದಿಂದ ಹೊರಗೆ ಬೆಂಚು ಸವೆಸುತ್ತಿದ್ದ ಹೆಂಗಸಿಗೆ ಅವನು ಬಾಗಿಲಲ್ಲೇ ನಿಂತು ಹೇಳಿದ: "ನಿಮ್ಮಕ್ಕ ಅಲ್ಲಮ್ಮ ಇದು. ಗಂಡಸಿನ ಹಲ್ಲು."

"ಅವಳ ಮಿಷನ್ ಪಕ್ಕದಲ್ಲೇ ಸಿಕ್ತು ಅಂದ್ರಲ್ಲ ಅಣ್ಣಾ? ನಮ್ಮನೆ ಹಲ್ಲೇ ಹಾಗೆ. ಅಕ್ಕನ್ನ ಎಲ್ಲರೂ ಇಕ್ಕಳ ಅಂತ ರೇಗಿಸ್ತಿದ್ರು, ಮೊಳೆನೂ ಕಚ್ಚಿ ಕೀಳ್ತಾಳೆ ಅಂತ. ಬೇಕಾದ್ರೆ ನಂದು ಅಳೀರಿ."

ಬಾಯಿ ತೆರೆದೇಬಿಟ್ಟಳು. ಬೇಡವೆನ್ನಲು ಅವನಿಗೆ ತ್ರಾಣವಿರಲಿಲ್ಲ. ಬೇರೆ ಕ್ಯಾಲಿಪರ್ ತೊಳೆದು ತಂದು ಹಿಡಿದ. ಏಳು ಪಾಯಿಂಟ್ ಎಂಟು.

ಅವನು ಒಳಗೆ ಹೋಗಿ ಎರಡೂ ಅಳತೆ ಹೇಳಿದಾಗ ಶವಾಗಾರದ ಡಾಕ್ಟರು ತಲೆ ಎತ್ತಲೂ ಇಲ್ಲ. "ಯಾವೂರಿನ ಬಾಯಿ ನೋಡಿ ಬರೆದ ಪಟ್ಟಿಯೋ! ಗಂಡೋ ಹೆಣ್ಣೋ ಗೊತ್ತಾಗಲ್ಲ ಅಂತ ಬರಿ. ಇವರ ರಕ್ತ ತಗೊಂಡು ಡಿಎನ್‌ಎಗೆ ಕಳಿಸು. ಮೂರು ವಾರ ಆಗುತ್ತೆ."

ಹಾಳು ಪಟ್ಟಿ! ಹತ್ತು ವರ್ಷ ಅದನ್ನೇ ವೇದವಾಕ್ಯ ಅಂದುಕೊಂಡು ಅವನು ಎಷ್ಟು ಜನರನ್ನು ಬರಿಗೈಯಲ್ಲಿ ಅಟ್ಟಿದ್ದನೋ.

"ಕಾದಿದ್ದೀನಿ, ಇನ್ನೂ ಕಾಯ್ತೀನಿ," ಎಂದಳು ತಂಗಿ. "ಅಲ್ಲಿವರೆಗೆ ಅವಳನ್ನ ಗಂಡಸರ ಮಧ್ಯೆ ಮಾತ್ರ ಇಡಬೇಡಿ."

ಇದ್ದದ್ದು ಎರಡೇ ಕಪಾಟು, ಗಂಡಿಗೊಂದು, ಹೆಣ್ಣಿಗೊಂದು. ಅವನು ತನ್ನ ಊಟದ ಡಬ್ಬಿಯನ್ನು ನೆಲಕ್ಕಿಳಿಸಿ, ದವಡೆಯ ಡಬ್ಬಿಯನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಆ ಜಾಗದಲ್ಲಿಟ್ಟ.